ಪಾಲಕರ ಸಹಿ

ಬೆಂಗಳೂರಿನಲ್ಲಿ ಮಗಳನ್ನು ಶಾಲೆಗೆ ಹಚ್ಚುವಾಗ, ಅರ್ಜಿಯ ತಳದಲ್ಲಿದ್ದ ‘ಪೋಷಕರ ಸಹಿ’ ಎಂಬಲ್ಲಿ ನನ್ನ ಪೆನ್ನು ಒಂದು ಗಳಿಗೆ ತಡೆಯಿತು. ನಮ್ಮ ಬೆಳಗಾವಿ ಕಡೆ ಪೋಷಕರೆಂದರೆ ಸಂಘಕ್ಕೆ ದೊಡ್ಡ ದೇಣಿಗೆ ಕೊಟ್ಟು, ಶಾಲು ಹೊದ್ದು, ಮುಂದಿನ ಸಾಲಿನ ಖುರ್ಚಿಯಲ್ಲಿ ಕೂಡುವವರು. ಅದು ಬಿಟ್ಟರೆ ಸಿನಿಮಾದ ಪೋಷಕ ನಟ. ಮಗಳ ಮುಂದೆ ನಾನು ಎರಡನೆಯವನು ಇದ್ದರೂ ಇರಬಹುದು, ಮೊದಲನೆಯವನಂತೂ ಅಲ್ಲ.

ನಮ್ಮಲ್ಲಿ ಶಾಲೆಗೆ ಬರುವವರು ಪಾಲಕರು. ಮರಾಠಿಯಲ್ಲೂ ಅದೇ ಮಾತು. ಊರಲ್ಲಿ ಭಾಷೆಯ ಜಗಳ ಎಷ್ಟೇ ಕಾವೇರಲಿ, ಕನ್ನಡ ಶಾಲೆಯವರೂ ಮರಾಠಿ ಶಾಲೆಯವರೂ ಕರೆಯುವುದು ಪಾಲಕರ ಸಭೆಯನ್ನೇ. ಗಡಿ ದಾಟಿ ಕೊಲ್ಹಾಪುರಕ್ಕೆ ಹೋದರೆ ಜಿಲ್ಲೆಗೇ ಒಬ್ಬ ಪಾಲಕಮಂತ್ರಿ. ಈಚೆ ನಮಗೆ ಉಸ್ತುವಾರಿ ಸಚಿವರು. ಉಸ್ತುವಾರಿ ಎಂದಾಗ ಕೈಯಲ್ಲಿ ಕಡತ ಹಿಡಿದವರು ಕಾಣುತ್ತಾರೆ, ಪಾಲಕ ಎಂದಾಗ ಕೈ ಹಿಡಿದವರು. ಇಬ್ಬರೂ ಮಾಡುವ ಕೆಲಸ ಒಂದೇ, ಅಥವಾ ಮಾಡದಿರುವ ಕೆಲಸ ಒಂದೇ.

ಸಂಸ್ಕೃತದ ‘ಪಾಲ್’ ಅಂದರೆ ಕಾಯುವುದು, ‘ಪುಷ್’ ಅಂದರೆ ಉಣಿಸಿ ಬೆಳೆಸುವುದು. ದಕ್ಷಿಣದವರು ಉಣಿಸುವವರನ್ನು ಆರಿಸಿಕೊಂಡರು, ನಾವು ಕಾಯುವವರನ್ನು. ಎರಡರಲ್ಲೂ ಹೆತ್ತವರು ಎಂಬ ಅರ್ಥ ಮಾತ್ರ ಎಲ್ಲೂ ಇಲ್ಲ. ಅದು ನನಗೆ ಗೊತ್ತಾದದ್ದು ನಿಘಂಟಿನಿಂದಲ್ಲ.

ಅಪ್ಪ ಖಾನಾಪುರದಲ್ಲಿ ಹೆಂಚಿನ ಭಟ್ಟಿಯ ಕೆಲಸಕ್ಕಿದ್ದ. ಐದನೇ ಇಯತ್ತೆಗೆ ನನ್ನನ್ನು ಬೆಳಗಾವಿಯ ಶಹಾಪುರದಲ್ಲಿ, ಒಬ್ಬ ಮಾವಶಿಯ ಮನೆಯ ಹಿಂದಿನ ಖೋಲಿಯಲ್ಲಿ ಬಿಟ್ಟುಹೋದ. ಮಾವಶಿ ಎಂದರೆ ಅವ್ವನ ತಂಗಿಯಲ್ಲ, ಬಳಗವೂ ಅಲ್ಲ; ಮನೆಯ ಮಾಲಕಿ. ಮನೆಮಾತು ಮರಾಠಿ. ಮೊದಲ ಪರೀಕ್ಷೆಯ ಗುಣಪತ್ರಿಕೆ ಬಂದಾಗ ಗುರುಗಳು ಪಾಲಕರ ಸಹಿ ಮಾಡಿಸಿಕೊಂಡು ಬಾ ಎಂದರು. ಅಪ್ಪ ಬರುವುದು ತಿಂಗಳಿಗೊಮ್ಮೆ. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಅಳುತ್ತ ಕೂತೆ. ಮಾವಶಿ ಪಾಲಕ ಸೋಸುತ್ತಿದ್ದಳು. (ಆ ಸೊಪ್ಪಿನ ಹೆಸರಿಗೂ ಈ ಪಾಲಕರಿಗೂ ನಂಟಿಲ್ಲ, ಉಚ್ಚಾರ ಮಾತ್ರ ಒಂದೇ. ಮುಂದೆ ವರ್ಗದ ಹುಡುಗರು ‘ನಿನ್ನ ಪಾಲಕರು ಸಿವುಡಿಗೆ ಎಷ್ಟಲೇ?’ ಎಂದು ಕಾಡಿದ್ದುಂಟು.) ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ‘ಮೀ ಆಹೆ ನಾ’ (ನಾನಿದ್ದೇನಲ್ಲ) ಎಂದವಳೇ ಬಾಳಬೋಧ ಅಕ್ಷರದಲ್ಲಿ ತನ್ನ ಪೂರ್ತಿ ಹೆಸರು ಕೊರೆದಳು.

ಕಾಯಿದೆಗೆ ಇಷ್ಟು ಸಲೀಸಿಲ್ಲ. ಪಾಲಕರನ್ನು ನೇಮಿಸುವ ಅಧಿಕಾರ ಕೋರ್ಟಿಗೆ 1890ರ ಕಾಯಿದೆಯಿಂದಲೇ ಇದೆ. 1956ರ ಹಿಂದೂ ಕಾಯಿದೆ ಅಪ್ರಾಪ್ತ ಮಗುವಿಗೆ ಸಹಜ ಪಾಲಕ ತಂದೆ, ‘ಅವನ ನಂತರ’ ತಾಯಿ ಎಂದಿತು. ಆ ‘ನಂತರ’ ಎಂದರೆ ತಂದೆ ಸತ್ತಮೇಲೇ ಎಂದಲ್ಲ, ಅವನು ಹತ್ತಿರವಿಲ್ಲದಾಗ, ಲಕ್ಷ್ಯ ಕೊಡದಾಗ ಕೂಡ ಎಂದು ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ 1999. ಗೀತಾ ಹರಿಹರನ್ ಎಂಬ ಲೇಖಕಿ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋಗಿ ಎತ್ತಿದ ತಕರಾರು ಅದು. ಹೆತ್ತ ತಾಯಿಗೇ ಇಷ್ಟು ಕಾಲ ಹಿಡಿದರೆ ಮಾಲಕಿ ಮಾವಶಿಯನ್ನು ಕೇಳುವವರಾರು?

ಕೇಳುವವರು ಎಂದೆ. ಕನ್ನಡದ ಸ್ವಂತ ಪಾಲಕರು ಅಡಗಿರುವುದು ಇಂಥಲ್ಲೇ. ‘ಅವಗ ಹೇಳೋರ ಕೇಳೋರ ಯಾರೂ ಇಲ್ಲ’ ಎನ್ನುತ್ತೇವೆ. ಮರಾಠಿಯವರು ‘ವಾಲಿ’ ಇಲ್ಲ ಎನ್ನುತ್ತಾರೆ, ಅದು ಅರಬ್ಬಿಯಿಂದ ಬಂದದ್ದು. ಇನ್ನೂ ದುಃಖವಾದರೆ ನಾವು ‘ದಿಕ್ಕಿಲ್ಲ’ ಎನ್ನುತ್ತೇವೆ. ದಿಕ್ಕುಗಳಿಗೇ ಇಂದ್ರ, ಅಗ್ನಿ, ಯಮ ಎಂದು ಎಂಟು ಜನ ಪಾಲಕರಿದ್ದಾರೆ. ಕನ್ನಡದಲ್ಲಿ ಮಾತ್ರ ಪಾಲಿಸುವ ಮನುಷ್ಯನೇ ದಿಕ್ಕು.

ಖಾನಾಪುರದಿಂದ ನಂದಗಡಕ್ಕೆ ಹೋದಾಗಲೆಲ್ಲ ಸಂಗೊಳ್ಳಿ ರಾಯಣ್ಣನ ಆಲದ ಮರದ ಬುಡದಲ್ಲಿ ಕೂಡುತ್ತೇನೆ. ಬ್ರಿಟಿಷರು ಅವನನ್ನು ಅಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಕಿತ್ತೂರಿನ ದತ್ತುಮಗನನ್ನು ವಾರಸನೆಂದು ಕಂಪನಿ ಸರ್ಕಾರ ಒಪ್ಪಲಿಲ್ಲ. ರಾಯಣ್ಣ ಕಾದಾಡಿದ್ದು ಆ ಹುಡುಗನ ಹೆಸರಿನಲ್ಲಿ. ರಕ್ತಸಂಬಂಧವಿಲ್ಲ, ಕೋರ್ಟಿನ ನೇಮಕವಿಲ್ಲ. ಯಾವ ಅರ್ಜಿಯಲ್ಲಿ ಅವನದೊಂದು ಸಹಿ ಹಿಡಿಸೀತು?

ನನ್ನ ಗುಣಪತ್ರಿಕೆಯನ್ನು ಗುರುಗಳು ತಿರುವಿ ನೋಡಿ, ‘ಈಕಿ ನಿನಗ ಏನಾಗಬೇಕು?’ ಎಂದು ಕೇಳಿದ್ದರು. ‘ಬಾಡಿಗಿ’ ಎಂದೆ, ಹೆದರಿಕೆಯಲ್ಲಿ. ವರ್ಗವೆಲ್ಲ ನಕ್ಕಿತು. ಗುರುಗಳು ನಗಲಿಲ್ಲ. ಸಹಿಯ ಮಗ್ಗುಲಿಗೆ ಕೆಂಪು ಶಾಯಿಯಲ್ಲಿ ‘ಪಾಲಕರು’ ಎಂದು ತಾವೇ ಬರೆದು, ಗುಣಪತ್ರಿಕೆಯನ್ನು ಗಂಟಿನಲ್ಲಿ ಸೇರಿಸಿದರು.