ಒಂದು ಅಡಿ ಎಂದರೆ ಅರ್ಧ ಅಂಗುಲ

ಹ್ಯಾರಿ ಪಾಟರ್ ಸಿನಿಮಾ ನೋಡಿದ ಮಕ್ಕಳಿಗೆಲ್ಲ ಹಾಗ್ವಾರ್ಟ್ಸ್ ಕೋಟೆ ಗೊತ್ತು. ಬಂಡೆಯ ತುದಿಯಲ್ಲಿ ನಿಂತ ಗೋಪುರಗಳು, ಕೆಳಗೆ ಸರೋವರ, ರಾತ್ರಿಯಾದರೆ ಕಿಟಕಿ ಕಿಟಕಿಯಲ್ಲೂ ದೀಪ. ಆ ಶಾಲೆಗೆ ಮಕ್ಕಳನ್ನು ಹೊತ್ತು ತರುವ ಕೆಂಪು ರೈಲು. ಅಜ್ಜ ಅಜ್ಜಿಯರೂ ಮೊಮ್ಮಕ್ಕಳ ಪಕ್ಕ ಕೂತು ಟಿ.ವಿ.ಯಲ್ಲಿ ಒಂದಲ್ಲ ಒಂದು ಸಲ ನೋಡಿಯೇ ಇರುತ್ತೀರಿ.

ಈ ಕೋಟೆಯನ್ನು ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದರೂ ಹೋಗಿ ನೋಡಬಹುದು. ಲಂಡನ್ನಿನ ಯೂಸ್ಟನ್ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು 20 ನಿಮಿಷಕ್ಕೆ ವಾಟ್‌ಫರ್ಡ್ ಜಂಕ್ಷನ್. ಅಲ್ಲಿಂದ ಬಸ್ಸಿನಲ್ಲಿ ಕಾಲು ಗಂಟೆ ಹೋದರೆ ಲೀವ್ಸ್‌ಡನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಯುದ್ಧವಿಮಾನಗಳನ್ನು ತಯಾರಿಸುತ್ತಿದ್ದರಂತೆ. ಆಮೇಲೆ ಆ ದೊಡ್ಡ ಶೆಡ್ಡುಗಳೇ ಸಿನಿಮಾ ಸ್ಟುಡಿಯೊ ಆದವು. 2001ರಿಂದ 2011ರವರೆಗೆ ತೆರೆಕಂಡ ಎಂಟು ಹ್ಯಾರಿ ಪಾಟರ್ ಚಿತ್ರಗಳೂ ಇಲ್ಲಿ ತಯಾರಾದವು. 2012ರಿಂದ ಜನ ಟಿಕೆಟ್ ಕೊಂಡು ಒಳಗೆ ಹೋಗಿ ನೋಡುತ್ತಿದ್ದಾರೆ.

ಮಗಳು ಇಂಗ್ಲೆಂಡಿನಲ್ಲಿರುವುದರಿಂದ ಮೈಸೂರಿನ ಈ ಅಜ್ಜಿಗೂ ಅದನ್ನು ನೋಡುವ ಭಾಗ್ಯ ಸಿಕ್ಕಿತು. ಜೊತೆಗೆ ಬಂದವಳು ಹತ್ತು ವರ್ಷದ ಮೊಮ್ಮಗಳು. ಅವಳಿಗೆ ಆ ಕೋಟೆಯ ಒಂದೊಂದು ಮೆಟ್ಟಿಲೂ ಬಾಯಿಪಾಠ.

ಮೊದಲು ಸಿಗುವುದು ಶಾಲೆಯ ಊಟದ ಮನೆ. 120 ಅಡಿ ಉದ್ದ, 40 ಅಡಿ ಅಗಲದ ಹಜಾರ. ನೆಲಕ್ಕೆ ಹಾಸಿರುವುದು ನಿಜವಾದ ಕಲ್ಲು. ನೂರಾರು ಮಕ್ಕಳು ವರ್ಷಾನುಗಟ್ಟಲೆ ಅದರ ಮೇಲೆ ಓಡಾಡಿದ್ದಾರೆ. ಬಣ್ಣ ಬಳಿದ ಹಲಗೆಯಾಗಿದ್ದರೆ ಎಂದೋ ಸವೆದುಹೋಗುತ್ತಿತ್ತು.

ಮುಂದೆ ಹೋದರೆ ಕೆಂಪು ರೈಲು ನಿಂತಿದೆ. ಇದು ಬರಿಯ ಸಿನಿಮಾ ಸಾಮಾನಲ್ಲ, ಹಳಿಯ ಮೇಲೆ ಓಡಿದ ಉಗಿಬಂಡಿ. ಇದರ ಸಂಖ್ಯೆ 5972, ಹುಟ್ಟುಹೆಸರು ‘ಓಲ್ಟನ್ ಹಾಲ್’. 1937ರಲ್ಲಿ ಸ್ವಿಂಡನ್ ಕಾರ್ಖಾನೆಯಲ್ಲಿ ತಯಾರಾಯಿತು. 1963ರಲ್ಲಿ ಸೇವೆ ಸಾಕೆಂದು ನಿಲ್ಲಿಸಿದರು. ವೇಲ್ಸ್‌ನ ಬ್ಯಾರಿ ಎಂಬ ಊರಿನ ಗುಜರಿ ಅಂಗಳದಲ್ಲಿ ಎಷ್ಟೋ ವರ್ಷ ತುಕ್ಕು ಹಿಡಿಯುತ್ತ ನಿಂತಿತ್ತು. ಹಳೆಯ ಬಂಡಿಗಳ ಮೇಲೆ ಪ್ರೀತಿಯಿದ್ದವರು ಅದನ್ನು ಕೊಂಡು, ರಿಪೇರಿ ಮಾಡಿ, ಮತ್ತೆ ಓಡಿಸಿದರು. ಸಿನಿಮಾದವರು ಅದಕ್ಕೆ ಕೆಂಪು ಬಣ್ಣ ಬಳಿದು ‘ಹಾಗ್ವಾರ್ಟ್ಸ್ ಕ್ಯಾಸಲ್’ ಎಂಬ ಹೊಸ ಹೆಸರಿನ ಫಲಕ ಹಾಕಿದರು. ಚಿತ್ರದಲ್ಲಿ ಅದು ದಾಟುವ ಕಮಾನು ಸೇತುವೆಯೂ ನಿಜವಾದದ್ದೇ. ಸ್ಕಾಟ್ಲೆಂಡಿನ ಗ್ಲೆನ್‌ಫಿನನ್ ಎಂಬಲ್ಲಿದೆ, 21 ಕಮಾನುಗಳಿವೆ. 1901ರಿಂದ ಅದರ ಮೇಲೆ ರೈಲು ಓಡುತ್ತಿದೆ.

ನಾನು ಚಿಕ್ಕವಳಿದ್ದಾಗ ಮೈಸೂರು–ಬೆಂಗಳೂರು ರೈಲಿನ ಕಿಟಕಿಗೆ ಮುಖ ಒಡ್ಡಿ ಕಣ್ಣಿಗೆ ಕಲ್ಲಿದ್ದಲ ಕಿಡಿ ಬೀಳಿಸಿಕೊಂಡವಳು. ಅದನ್ನು ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಬಲು ಖುಷಿಯಾಯಿತು. ‘ರೈಲು ನಿಜ ಅಂದ್ಮೇಲೆ ಕೋಟೇನೂ ನಿಜಾನೇ ಇರ್ಬೇಕು ಅಜ್ಜಿ’ ಎಂದು ಕೈ ಹಿಡಿದು ಎಳೆದುಕೊಂಡು ಹೋದಳು.

ಕೋಟೆಯನ್ನು ಇಟ್ಟಿರುವುದು ಕೊನೆಯಲ್ಲಿ. ಅದಕ್ಕೂ ಮುಂಚೆ ಅದು ಹುಟ್ಟಿದ ಬಗೆಯನ್ನು ತೋರಿಸಿದ್ದಾರೆ. ಕಲಾವಿನ್ಯಾಸದ ಮುಖ್ಯಸ್ಥರಾಗಿದ್ದ ಸ್ಟುವರ್ಟ್ ಕ್ರೇಗ್ ಮತ್ತು ಅವರ ತಂಡದವರು ಮೊದಲು ಕಾಗದದ ಮೇಲೆ ಚಿತ್ರ ಬರೆದರು. ಆಮೇಲೆ ಅಳತೆ ಹಾಕಿದ ನಕ್ಷೆ. ಆಮೇಲೆ ಬಿಳಿಯ ರಟ್ಟು ಕತ್ತರಿಸಿ ಅಂಟಿಸಿದ ಪುಟ್ಟ ಮಾದರಿ. ನಾವು ಶಾಲೆಯ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಮಾಡುತ್ತಿದ್ದೆವಲ್ಲ, ಅಂಥದೇ ರಟ್ಟು. ತಪ್ಪಿದ್ದರೆ ರಟ್ಟಿನಲ್ಲೇ ತಿದ್ದಬಹುದು, ಕಟ್ಟಿದ ಮೇಲೆ ತಿದ್ದುವುದು ಕಷ್ಟ.

ಅಲ್ಲಿಂದ ಒಂದು ತಿರುವು ದಾಟಿದೆವು. ಕೆಳಗೆ ದೊಡ್ಡ ಕೋಣೆಯ ತುಂಬ ಕೋಟೆ! 50 ಅಡಿ ಅಗಲ. ಗೋಪುರ, ಸೇತುವೆ, ಅಂಗಳ, ಬಂಡೆ ಎಲ್ಲವೂ ಇವೆ. ಸುತ್ತಲಿನವರು ‘ಆಹಾ’ ಎಂದರು. ಮೊಮ್ಮಗಳು ಮಾತ್ರ ಸುಮ್ಮನೆ ನಿಂತುಬಿಟ್ಟಳು.

‘ಇಷ್ಟೇನಾ? ಇದು ಬೊಂಬೆ ಕೋಟೆ. ಹಾಗಾದ್ರೆ ಎಲ್ಲಾ ಸುಳ್ಳಾ ಅಜ್ಜಿ?’

ಅವಳ ಕಣ್ಣು ತುಂಬಿತ್ತು. ‘ಅಳಬೇಡ ಪುಟ್ಟಿ, ಸಿನಿಮಾ ಅಂದ್ರೆ ಹಾಗೇ’ ಎನ್ನಲು ಮನಸ್ಸು ಬರಲಿಲ್ಲ. ಹತ್ತು ವರ್ಷದ ಮಗು ಸತ್ಯ ಕೇಳಿದಾಗ ಹಾರಿಕೆಯ ಮಾತು ಆಡಬಾರದು. ‘ಸುಳ್ಳೋ ಅಲ್ಲವೋ ಆಮೇಲೆ ಹೇಳುವಿಯಂತೆ. ಮೊದಲು ಒಂದು ಸುತ್ತು ನಿಧಾನವಾಗಿ ನೋಡೋಣ ಬಾ’ ಎಂದೆ.

ಈ ಮಾದರಿಯ ಅಳತೆ 24ಕ್ಕೆ 1. ಅಂದರೆ ನಿಜದಲ್ಲಿ 24 ಅಡಿ ಇರಬೇಕಾದದ್ದು ಇಲ್ಲಿ 1 ಅಡಿ. ಇನ್ನೂ ಸುಲಭವಾಗಿ ಹೇಳಬೇಕೆಂದರೆ, ಒಂದು ಅಡಿಗೆ ಅರ್ಧ ಅಂಗುಲ. ಅವಳನ್ನೇ ಲೆಕ್ಕ ಮಾಡಲು ಹಚ್ಚಿದೆ. ನಾಲ್ಕೂವರೆ ಅಡಿ ಎತ್ತರದ ಅವಳು ಈ ಕೋಟೆಯಲ್ಲಿ ಎರಡೂಕಾಲು ಅಂಗುಲ. ಆಗಲೇ ನೋಡಿ ಬಂದ 120 ಅಡಿಯ ಊಟದ ಹಜಾರ ಈ ಅಳತೆಗೆ 5 ಅಡಿ. ಆ ಕೆಂಪು ಎಂಜಿನ್ನಿನ ಉದ್ದ ಸುಮಾರು 63 ಅಡಿ, ಇಲ್ಲಿಗೆ ಬಂದರೆ ಎರಡೂವರೆ ಅಡಿಯನ್ನು ಸ್ವಲ್ಪ ದಾಟುತ್ತದೆ. ಈ ಕೋಟೆಯನ್ನೇ ಪೂರ್ತಿ ಅಳತೆಯಲ್ಲಿ ಕಟ್ಟಿದ್ದರೆ? 50 ಗುಣಿಸು 24. ‘ಸಾವಿರದ ಇನ್ನೂರು ಅಡಿ!’ ಎಂದಳು. ಅಷ್ಟು ಕಟ್ಟಲು ಯಾರಿಂದ ಸಾಧ್ಯ?

ಅದಕ್ಕೇ ಚಿಕ್ಕದಾಗಿ ಕಟ್ಟಿದರು. ಚಿಕ್ಕದನ್ನು ಕ್ಯಾಮೆರಾ ಹತ್ತಿರದಿಂದ ನೋಡಿದರೆ ದೊಡ್ಡದಾಗಿ ಕಾಣುತ್ತದೆ. ಆದರೆ ಅಷ್ಟು ಹತ್ತಿರ ಬಂದಾಗ ಮೋಸವೂ ಬೇಗ ಬಯಲಾಗುತ್ತದೆ. ಒಂದು ಕಿಟಕಿ ಅಳತೆ ಮೀರಿದರೂ, ಒಂದು ಕಲ್ಲು ದಪ್ಪವಾದರೂ ಕಣ್ಣು ಹಿಡಿದುಬಿಡುತ್ತದೆ. ಹಾಗಾಗಿ ಮೊದಲ ಚಿತ್ರಕ್ಕೆ ಇದನ್ನು ಮಾಡಿದ 86 ಜನ ಕಲಾವಿದರು ಮತ್ತು ಕೆಲಸಗಾರರು ಯಾವುದನ್ನೂ ‘ಇಷ್ಟು ಸಾಕು’ ಎಂದು ಬಿಡಲಿಲ್ಲ. ಬಾಗಿಲುಗಳಿಗೆ ಕೀಲು ಹಾಕಿದರು. ಗೂಬೆಗಳ ಗೋಪುರದಲ್ಲಿ ಪುಟ್ಟ ಪುಟ್ಟ ಹಕ್ಕಿಗಳನ್ನು ಕೂರಿಸಿದರು. ನೆಲಕ್ಕೆ ನಿಜವಾದ ಜಲ್ಲಿ, ಗುಡ್ಡಕ್ಕೆ ನಿಜವಾದ ಗಿಡಗಳನ್ನು ಬಳಸಿದರು. ಚಿತ್ರೀಕರಣ ನಡೆದ ಆನಿಕ್ ಕೋಟೆ ಮತ್ತು ಡರ್ಹಮ್ ಕೆಥೆಡ್ರಲ್ಲಿನ ಅಂಗಳಗಳನ್ನು ಅಳತೆಗೆ ಇಳಿಸಿ ಸೇರಿಸಿದರು. 2,500ಕ್ಕೂ ಹೆಚ್ಚು ದೀಪಗಳು ಇದರೊಳಗೆ ಉರಿಯುತ್ತವೆ. ದೀಪ ಹಿಡಿದು ಮಕ್ಕಳು ಓಣಿಯಲ್ಲಿ ಹಾದುಹೋದಂತೆಯೂ ಕಾಣುವ ಹಾಗೆ ಅವುಗಳನ್ನು ಜೋಡಿಸಿದ್ದಾರೆ. ಪ್ರತಿ ಚಿತ್ರದ ಕಥೆಗೆ ತಕ್ಕಂತೆ ಕೋಟೆಯನ್ನು ಮತ್ತೆ ಮತ್ತೆ ಬದಲಿಸಿದರು. ಇದಕ್ಕಾಗಿ ಎಲ್ಲರೂ ದುಡಿದ ಗಂಟೆಗಳನ್ನು ಕೂಡಿದರೆ 74 ವರ್ಷವಾಗುತ್ತದೆಯಂತೆ. ನನ್ನ ವಯಸ್ಸಿಗಿಂತ ಹೆಚ್ಚು!

ನಾವು ನೋಡುತ್ತಿದ್ದಂತೆಯೇ ಕೋಣೆಯ ಬೆಳಕು ನೀಲಿಯಾಯಿತು. ಕೋಟೆಯಲ್ಲಿ ಸಂಜೆ, ಆಮೇಲೆ ರಾತ್ರಿ. ಒಂದೊಂದೇ ಕಿಟಕಿ ಬೆಳಗಿತು. ಮೊಮ್ಮಗಳು ಕಟಕಟೆಗೆ ಗಲ್ಲ ಒತ್ತಿ ತುಂಬ ಹೊತ್ತು ನಿಂತಳು. ಕೊನೆಗೆ ಕೇಳಿದಳು:

‘ಅಜ್ಜಿ, ಆ ಬಾಗಿಲಿಗೆ ಕೀಲು ಹಾಕಿದವರಿಗೆ, ಇದು ಸಿನಿಮಾದಲ್ಲಿ ಕಾಣಲ್ಲ ಅಂತ ಗೊತ್ತಿರ್ಲಿಲ್ವಾ?’

‘ಗೊತ್ತಿದ್ದಿರಬಹುದು.’

‘ಆದ್ರೂ ಹಾಕಿದ್ರು.’ ಸ್ವಲ್ಪ ಯೋಚಿಸಿ ಹೇಳಿದಳು, ‘ಹಾಗಾದ್ರೆ ಕಥೆ ಸುಳ್ಳು, ಕೆಲಸ ನಿಜ.’

ನನಗೆ ನಮ್ಮ ಮನೆಯ ದಸರಾ ಬೊಂಬೆಗಳು ನೆನಪಾದವು. ಬೊಂಬೆ ಮೆಟ್ಟಿಲ ಪಕ್ಕದಲ್ಲಿ ಊರು ಮಾಡುವಾಗ ನಮ್ಮಮ್ಮ ಎಂಟು ದಿನ ಮುಂಚೆಯೇ ತಟ್ಟೆಗೆ ಮಣ್ಣು ಹರವಿ ರಾಗಿ ಚೆಲ್ಲುತ್ತಿದ್ದರು. ಹಬ್ಬದ ಹೊತ್ತಿಗೆ ಹಸುರು ಪೈರು ಎದ್ದು ನಿಲ್ಲುತ್ತಿತ್ತು. ಹಸಿರು ಕಾಗದ ಅಂಟಿಸಿದರೆ ಸಾಲದೇ ಎಂದರೆ ಒಪ್ಪುತ್ತಿರಲಿಲ್ಲ. ಬೊಂಬೆ ರೈತನಿಗೂ ಬೆಳೆಯುವ ಪೈರೇ ಆಗಬೇಕಿತ್ತು.

ಮಕ್ಕಳೇ, ಮುಂದಿನ ರಜೆಯಲ್ಲಿ ನೀವೂ ಒಂದು ಕಟ್ಟಡ ಮಾಡಿ. ಕೋಟೆಯೇ ಆಗಬೇಕಿಲ್ಲ, ನಿಮ್ಮ ಶಾಲೆಯೋ ಊರಿನ ರೈಲು ನಿಲ್ದಾಣವೋ ಸಾಕು. ಅಜ್ಜನ ಕೈಗೆ ಟೇಪು ಕೊಟ್ಟು ಅಳತೆ ಹಿಡಿಸಿ. ಅಡಿಗೆ ಅರ್ಧ ಅಂಗುಲ ಎಂದು ಒಮ್ಮೆ ಹಿಡಿದರೆ ಗೋಡೆ, ಕಿಟಕಿ, ಬೆಂಚು, ಮನುಷ್ಯ, ಎಲ್ಲಕ್ಕೂ ಅದೇ ಇರಲಿ. ಮೊದಲು ಹಳೆಯ ರಟ್ಟಿನಲ್ಲಿ ಮಾಡಿ ನೋಡಿ, ಆಮೇಲೆ ಒಳ್ಳೆಯ ರಟ್ಟು ಕತ್ತರಿಸಿ. ಗೋಡೆಗೆ ಒರಗಿಸಿಡುವ ಹಿಂಭಾಗಕ್ಕೂ ಬಣ್ಣ ಹಚ್ಚಿ. ಬಾಗಿಲನ್ನು ಮಾತ್ರ ಅಂಟಿಸಬೇಡಿ. ಅದು ತೆರೆದು ಮುಚ್ಚುವಂತಿರಲಿ.