ನಮ್ಮ ಮನೆಯ ಹೊಸ ನಿರ್ಣೇಜಕ

ಅಮರಸಿಂಹನು ಅಗಸನಿಗೆ ಎರಡು ಹೆಸರುಗಳನ್ನು ಹೇಳಿರುವನು: ಒಂದು ನಿರ್ಣೇಜಕ, ಇನ್ನೊಂದು ರಜಕ. ಪಾಠಶಾಲೆಯಲ್ಲಿ ಕೋಶವನ್ನು ಬಾಯಿಪಾಠ ಮಾಡುತ್ತಿದ್ದ ದಿನಗಳಲ್ಲಿ ಮೊದಲನೆಯ ಹೆಸರು ಬಂದೊಡನೆ ಸಹಪಾಠಿಗಳು ನನ್ನ ಕಡೆಗೆ ತಿರುಗಿ ನಗುತ್ತಿದ್ದರು, ನಾನು ನಿರ್ಣಾದವನಲ್ಲವೆ! ಊರಿನ ಹೆಸರಿಗೂ ಆ ಪದಕ್ಕೂ ಕಿವಿಯ ನಂಟಿಗಿಂತ ಹೆಚ್ಚಿನದು ಉಂಟೆಂದು ನಾನು ಹೇಳಲಾರೆ. ಪದವು ನಿಜ್ ಎಂಬ ಧಾತುವಿನಿಂದ ಬಂದದ್ದು. ತೊಳೆಯುವುದು, ಶುದ್ಧಗೊಳಿಸುವುದು ಎಂದು ಅದರ ಅರ್ಥ. ಅರ್ಧ ಶತಮಾನದ ಮೇಲೆ ಈ ಪದವು ಮತ್ತೆ ನನ್ನ ನಾಲಗೆಗೆ ಬಂದದ್ದು ಕಳೆದ ಆಷಾಢದಲ್ಲಿ ನಮ್ಮ ಮನೆಯ ಬಚ್ಚಲ ಪಕ್ಕಕ್ಕೆ ಬಂದು ನಿಂತ ಬಟ್ಟೆ ಒಗೆಯುವ ಯಂತ್ರದ ದೆಸೆಯಿಂದ.

ಅದನ್ನು ತರಿಸಿದವನು ಹೈದರಾಬಾದಿನಲ್ಲಿರುವ ಮಗ. ಅವನ ತಾಯಿಯ ಬಲ ಮಣಿಕಟ್ಟು ಎರಡು ವರ್ಷಗಳಿಂದ ನೋಯುತ್ತಿತ್ತು. ಹಿಂಡುವ ಕೆಲಸವನ್ನು ಬಿಡತಕ್ಕದ್ದೆಂದು ವೈದ್ಯರು ಹೇಳಿದ್ದರು. ಆಕೆ ಕೇಳಿಕೊಂಡು ಬಂದು ಮರುದಿನ ಬೆಳಿಗ್ಗೆ ಎಂದಿನಂತೆ ಕಲ್ಲಿನ ಮುಂದೆ ಕುಳಿತಿದ್ದಳು. ಮಗನು ಇದನ್ನು ಕಂಡು, ಹುಮನಾಬಾದಿನ ಅಂಗಡಿಯಿಂದ ನೇರವಾಗಿ ಮನೆಗೆ ಯಂತ್ರವನ್ನು ಕಳುಹಿಸಿಬಿಟ್ಟನು. ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಕಾರಣವೂ ಇರಲಿಲ್ಲ; ಈ ಮನೆಯಲ್ಲಿ ಸ್ನಾನವಾದ ಮೇಲೆ ಧೋತರವೊಂದನ್ನು ಜಾಲಿಸಿ ಹಾಕುವುದಲ್ಲದೆ ಒಗೆತದ ವಿಷಯದಲ್ಲಿ ನನ್ನ ಕೈ ಮುಂದೆ ಹೋದದ್ದಿಲ್ಲ.

ಯಂತ್ರವು ನೋಡುವುದಕ್ಕೆ ಚಿಕ್ಕದು, ಎತ್ತುವುದಕ್ಕೆ ಮೂವರು ಬೇಕು. ತಗಡಿನ ಪೆಟ್ಟಿಗೆಗೆ ಇಷ್ಟು ಭಾರವೇಕೆಂದು ಕೇಳಿದಾಗ, ಜೋಡಿಸಲು ಬಂದ ಹುಡುಗನು ಒಳಗೆ ಕಾಂಕ್ರೀಟಿನ ತುಂಡುಗಳಿವೆಯೆಂದು ತಿಳಿಸಿದನು. ಬಟ್ಟೆ ಹಿಡಿಯುವ ಪೀಪಾಯಿಯು ಒಳಗೆ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುವುದಂತೆ. ಅದು ಕೊನೆಗೆ ನಿಮಿಷಕ್ಕೆ 1200 ಸುತ್ತು ತಿರುಗುವಾಗ ಪೆಟ್ಟಿಗೆಯನ್ನು ನೆಲಕ್ಕೆ ಹಿಡಿದಿಡತಕ್ಕದ್ದು ಆ ಭಾರವೇ. ಪಯಣದಲ್ಲಿ ಪೀಪಾಯಿ ಅಲುಗಾಡಬಾರದೆಂದು ಹಿಂದುಗಡೆ ನಾಲ್ಕು ಉದ್ದನೆಯ ಬೋಲ್ಟುಗಳನ್ನು ಬಿಗಿದಿದ್ದರು. ಅವನ್ನು ತೆಗೆಯದೆ ಯಂತ್ರವನ್ನು ನಡೆಸಿದರೆ ಅದು ಕುಣಿದು ಕೆಟ್ಟುಹೋಗುವುದೆಂದು ಹೇಳಿ, ತೆಗೆದ ಬೋಲ್ಟುಗಳನ್ನು ನನ್ನ ಅಂಗೈಯಲ್ಲಿ ಇಟ್ಟನು. ಅಮೇರಿಕೆಯಲ್ಲಿ ಬೆಂಡಿಕ್ಸ್ ಎಂಬ ಕಂಪನಿಯವರು 1937ರಲ್ಲಿ ಇಂಥ ಗಾಜಿನ ಮುಂಬಾಗಿಲಿನ ಯಂತ್ರವನ್ನು ಮನೆಗಳಿಗೆಂದು ಮೊದಲು ಮಾರಿದಾಗ, ಅದರ ಕುಣಿತವನ್ನು ತಡೆಯಲು ಯಂತ್ರವನ್ನೇ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗುತ್ತಿತ್ತು. ನಮಗೆ ಹೊಸದೆಂದು ತೋರುವ ವಸ್ತುವಿಗೆ ನನಗಿಂತ ಹೆಚ್ಚು ವಯಸ್ಸಾಗಿದೆ.

ಮೊದಲ ಸಲ ಬಟ್ಟೆ ಹಾಕದೆ ಬರಿಯ ನೀರಿನಲ್ಲಿ ನಡೆಸಿದ್ದಾಯಿತು. ಮರುದಿನ ನನ್ನ ಎರಡು ಧೋತರ, ಅಂಗಿಗಳು, ಹಾಸಿಗೆಯ ಹೊದಿಕೆ, ಮೊಮ್ಮಗನು ಮುರಮಿನ ಕೆಂಪು ಧೂಳಿನಲ್ಲಿ ಹೊರಳಿಸಿದ ಚಡ್ಡಿ, ಇಷ್ಟನ್ನು ಒಳಗೆ ಹಾಕಿದೆವು. ಬಾಗಿಲು 'ಟಕ್' ಎಂದು ತಾನೇ ಬೀಗ ಹಾಕಿಕೊಂಡಿತು. ನಾನು ಮಣೆಯೊಂದನ್ನು ಎಳೆದುಕೊಂಡು ಗಾಜಿನ ಮುಂದೆ ಕುಳಿತೆನು. ಕೆಲಸವಿಲ್ಲದ ನಿವೃತ್ತನೆಂದು ವಾಚಕರು ನಗಬಹುದು. ಆದರೆ ಸ್ವೀಡನ್ ದೇಶದ ಹಾನ್ಸ್ ರೋಸ್ಲಿಂಗ್ ಎಂಬ ವೈದ್ಯನು 2010ರ ಒಂದು ಭಾಷಣದಲ್ಲಿ, ತನ್ನ ತಾಯಿ ಮೊದಲ ಸಲ ಯಂತ್ರಕ್ಕೆ ಬಟ್ಟೆ ಹಾಕಿದ ದಿನ ಅಜ್ಜಿಯು ಅದರೆದುರು ಕುಳಿತು ಒಗೆತವೆಲ್ಲ ಮುಗಿಯುವವರೆಗೂ ನೋಡಿದಳೆಂದು ಹೇಳಿರುವನು. ಆ ಅಜ್ಜಿ ಜೀವಮಾನವೆಲ್ಲ ಸೌದೆ ಹಾಕಿ ನೀರು ಕಾಯಿಸಿ ಕೈಯಿಂದ ಒಗೆದವಳು. ಆಕೆ ನೋಡಿದ್ದರಲ್ಲಿ ಅರ್ಥವುಂಟು. ಎಂದೂ ಒಗೆಯದವನು ನೋಡುವುದರಲ್ಲಿಯೂ ಒಂದು ಅರ್ಥವಿರಬಹುದೆಂದು ನಾನು ಕುಳಿತೆನು.

ಮೊದಲು ಕಂಡದ್ದು ನೀರಿನ ಅಲ್ಪತೆ. ಪೀಪಾಯಿ ತುಂಬ ನೀರು ಬರುವುದೆಂದು ಕಾದರೆ, ಅದು ತಳದಲ್ಲಿ ನಾಲ್ಕು ಬೆರಳು ನಿಂತು ಸುಮ್ಮನಾಯಿತು. ಬಟ್ಟೆಗಳು ನೀರಿನಲ್ಲಿ ಮುಳುಗುವುದಿಲ್ಲ. ಪೀಪಾಯಿ ತಿರುಗುತ್ತ ಒಳಗಿನ ಏಣುಗಳಿಂದ ಅವನ್ನು ಮೇಲಕ್ಕೆ ಎತ್ತಿ ಒಯ್ಯುವುದು, ತುದಿಗೆ ಹೋದೊಡನೆ ಕೈಬಿಡುವುದು. ಅವು ತಮ್ಮ ಭಾರದಿಂದಲೇ ಕೆಳಗೆ ಬಿದ್ದು ಪೆಟ್ಟು ತಿನ್ನುವುವು. ಬಂಡೆಯ ಮೇಲೆ ಎತ್ತಿ ಕುಸುಬುವ ಅಗಸನ ತೋಳಿನ ಕೆಲಸವೇ ಇದು. ಎತ್ತರ ಮಾತ್ರ ಒಂದು ಮೊಳ, ಪೆಟ್ಟು ಮಾತ್ರ ಮೆಲ್ಲನೆಯದು. ಹಾಗಾದರೆ ಕೊಳೆ ಹೋಗುವುದು ಹೇಗೆ? ಜರ್ಮನಿಯ ಹರ್ಬರ್ಟ್ ಸಿನ್ನರ್ ಎಂಬ ರಸಾಯನಜ್ಞನು 1959ರಲ್ಲಿ ಇದಕ್ಕೆ ಒಂದು ಲೆಕ್ಕವನ್ನು ಹಾಕಿಕೊಟ್ಟಿರುವನು: ಶುದ್ಧಿಗೆ ಬೇಕಾದವು ನಾಲ್ಕು, ಸಾಬೂನು, ಬಿಸಿ, ಪೆಟ್ಟು, ಕಾಲ. ಒಂದನ್ನು ಕಡಮೆ ಮಾಡಿದರೆ ಮಿಕ್ಕವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಲೇಬೇಕು. ಹತ್ತಿಬಟ್ಟೆಯ ಒಂದು ಸರದಿಗೆ ಈ ಯಂತ್ರವು ಎರಡು ಗಂಟೆಗೂ ಮೇಲೆ ತೆಗೆದುಕೊಂಡಾಗ ನನ್ನ ಹೆಂಡತಿಯು, "ಇಷ್ಟೊತ್ತಿಗೆ ನಾ ಎರಡು ಸಲ ಒಗದು ಒಣಗಿಸಿರತಿದ್ದೆ" ಎಂದಳು. ನಿಜವೇ. ಆಕೆ ಕಾಲವನ್ನು ಉಳಿಸಿದ್ದು ಮಣಿಕಟ್ಟನ್ನು ಖರ್ಚುಮಾಡಿ. ಯಂತ್ರವು ಮಣಿಕಟ್ಟಿಗೆ ಬದಲಾಗಿ ಕಾಲವನ್ನು ಖರ್ಚುಮಾಡುವುದು. ಸಿನ್ನರನ ಲೆಕ್ಕವು ಇಬ್ಬರಲ್ಲಿಯೂ ಸರಿಯಾಗಿಯೇ ಕೂಡುವುದು.

ಪೆಟ್ಟು ಮೆಲ್ಲನೆಯದಾಗಿರಬೇಕೆಂಬುದು ನಮ್ಮ ಹಳಬರ ಮತವೂ ಹೌದು. ಅಗಸನು ಬಟ್ಟೆಯನ್ನು ನುಣುಪಾದ ಬೂರುಗದ ಹಲಗೆಯ ಮೇಲೆ ಮೆಲ್ಲಗೆ ಒಗೆಯತಕ್ಕದ್ದು, ಒಬ್ಬರ ಬಟ್ಟೆಯನ್ನು ಇನ್ನೊಬ್ಬರ ಬಟ್ಟೆಯೊಡನೆ ಬೆರೆಸತಕ್ಕದ್ದಲ್ಲ, ಅದನ್ನು ಬೇರೆಯವರಿಗೆ ಉಡಲು ಕೊಡತಕ್ಕದ್ದಲ್ಲ ಎಂದು ಮನುವು ವಿಧಿಸಿರುವನು. ಪರರ ಬಟ್ಟೆಯನ್ನು ತಾನುಟ್ಟ ಅಗಸನಿಗೆ 3 ಪಣ, ಅದನ್ನು ಮಾರಿದರೆ, ಬಾಡಿಗೆಗೆ ಕೊಟ್ಟರೆ, ಒತ್ತೆಯಿಟ್ಟರೆ 10 ಪಣ ದಂಡವೆಂದು ಯಾಜ್ಞವಲ್ಕ್ಯಸ್ಮೃತಿ. ಆ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ನಮ್ಮ ನೆರೆಯ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ಎಂದರೆ 1076ರಿಂದ 1126ರ ನಡುವಿನ ಕಾಲದಲ್ಲಿ. ಅಷ್ಟು ದೊಡ್ಡ ಧರ್ಮಶಾಸ್ತ್ರಜ್ಞನು ದಾಯಭಾಗವನ್ನು ವಿವರಿಸಿದ ಲೇಖನಿಯಿಂದಲೇ ಅಗಸನ ದಂಡವನ್ನೂ ವಿವರಿಸಬೇಕಾಯಿತೆಂದರೆ, ಹಬ್ಬದ ದಿನ ಕಳೆದುಹೋದ ಸೀರೆಯ ಜಗಳವು ಅರಸನ ಸಭೆಯವರೆಗೂ ಹೋಗುತ್ತಿತ್ತೆಂದು ಊಹಿಸಬಹುದು. ನಾರದನಂತೂ ಇನ್ನೂ ಸೂಕ್ಷ್ಮದವನು. ಬಟ್ಟೆಯು ಒಂದು ಸಲ ಒಗೆದರೆ ಬೆಲೆಯ ಎಂಟನೆಯ ಒಂದು ಭಾಗವನ್ನೂ, ಎರಡು ಸಲಕ್ಕೆ ಕಾಲು ಭಾಗವನ್ನೂ, ಮೂರಕ್ಕೆ ಮೂರನೆಯ ಒಂದು ಭಾಗವನ್ನೂ, ನಾಲ್ಕಕ್ಕೆ ಅರ್ಧವನ್ನೂ ಕಳೆದುಕೊಳ್ಳುವುದೆಂದು ಅವನ ಗಣಿತ. ಇದನ್ನು ನಾನು ಓದಿ ಹೇಳಿದಾಗ ಹೆಂಡತಿಯು, "ನಿಮ್ಮ ನಾರದರು ಅರಿವಿ ಒಗದಾರೋ ಇಲ್ಲೋ, ಕೊಂಡಾರ ಅಂತೂ ಖರೆ" ಎಂದಳು.

ಆದರೆ ಮನೆಯಲ್ಲಿ ನಿಜವಾದ ವಿವಾದವು ಎದ್ದದ್ದು ಮಡಿಯ ವಿಷಯದಲ್ಲಿ. ಪೂಜೆಗೂ ಅಡಿಗೆಗೂ ಉಡುವ ಬಟ್ಟೆಯನ್ನು ಮಡಿಯಲ್ಲಿರುವವರೇ ಒಗೆದು, ಯಾರೂ ಮುಟ್ಟದಂತೆ ಮೇಲಿನ ಗಳದ ಮೇಲೆ ಕೋಲಿನಿಂದ ಹರವುವುದು ನಮ್ಮ ಮನೆಯ ನಡೆ. ಊರವರ ಧೂಳನ್ನೆಲ್ಲ ತಿಂದ ಪೀಪಾಯಿಯೊಳಗೆ ಆ ಬಟ್ಟೆ ಹೋಗಬಹುದೆ? ನನ್ನ ಹೆಂಡತಿಯು ಸಾಧ್ಯವೇ ಇಲ್ಲವೆಂದಳು. ನಾನು ಗ್ರಂಥಗಳನ್ನು ಇಳಿಸಿದೆನು. ದ್ರವ್ಯಶುದ್ಧಿಯ ಪ್ರಕರಣದಲ್ಲಿ ರೇಷ್ಮೆಗೂ ಉಣ್ಣೆಗೂ ಸವಳು ಮಣ್ಣು, ಕುತಪವೆಂಬ ಕಂಬಳಿಗೆ ಅಂಟುವಾಳ, ನಯವಾದ ಪಟ್ಟೆಗೆ ಬಿಲ್ವದ ಕಾಯಿ, ನಾರುಬಟ್ಟೆಗೆ ಬಿಳಿ ಸಾಸಿವೆ ಎಂದು ಹೇಳಿದೆ. ಬಟ್ಟೆಗಳು ಹಲವಿದ್ದರೆ ನೀರು ಚಿಮುಕಿಸಿದರೆ ಸಾಕು, ಕೆಲವಿದ್ದರೆ ತೊಳೆಯಬೇಕು ಎಂದೂ ಹೇಳಿದೆ. ಯಾವುದರಿಂದ ಶುದ್ಧಿಯೆಂಬುದನ್ನು ಈ ಶ್ಲೋಕಗಳು ಹೇಳುವುವಲ್ಲದೆ ಯಾರ ಕೈಯಿಂದ ಎಂಬುದನ್ನು ಹೇಳುವುದಿಲ್ಲ. ಈ ವಾದವನ್ನು ಆಕೆ ಪೂರ್ತಿ ಕೇಳಿದಳು. ಕೇಳಿ, "ಆ ಗ್ರಂಥ ಬರದವರ ಮಡಿ ಅರಿವಿ ಯಾರು ಒಗೀತಿದ್ದರು?" ಎಂದು ಒಂದು ಪ್ರಶ್ನೆ ಹಾಕಿದಳು. ಪೂರ್ವಪಕ್ಷವು ಇಷ್ಟು ಬಲವಾಗಿರುವಾಗ ಸಿದ್ಧಾಂತವನ್ನು ಅವಸರದಿಂದ ಹೇಳುವುದು ಸರಿಯಲ್ಲವೆಂದು ನಾನು ಗ್ರಂಥವನ್ನು ಮುಚ್ಚಿದೆನು. ಎಂಟು ದಿನಗಳ ಮೇಲೆ ನಿರ್ಣಯವನ್ನು ಆಕೆಯೇ ಮಾಡಿದಳು: ಮಡಿಬಟ್ಟೆಯು ಬೇರೆ ಸರದಿಯಲ್ಲಿ, ಬೇರೆ ಯಾವುದರೊಡನೆಯೂ ಬೆರೆಯದೆ, ಯಂತ್ರಕ್ಕೆ ಹೋಗುವುದು, ಹೊರಗೆ ಬಂದ ಮೇಲೆ ತುಂಬಿದ ಕೊಡದ ನೀರಿನಲ್ಲಿ ಒಮ್ಮೆ ಅದ್ದಿ, ಹಿಂಡದೆ, ಹಾಗೆಯೇ ಗಳಕ್ಕೆ ಏರುವುದು. ಹಿಂಡುವುದು ತಪ್ಪಿತಲ್ಲ, ಮಣಿಕಟ್ಟಿಗೆ ಬೇಕಾದದ್ದು ಅದೇ. ಈ ಏರ್ಪಾಡಿನಲ್ಲಿ ಶಾಸ್ತ್ರಕ್ಕೆ ಆಕ್ಷೇಪಣೆ ಇರಲಾರದು. ಇದ್ದರೂ ಶಾಸ್ತ್ರಕ್ಕೆ ಮಣಿಕಟ್ಟಿಲ್ಲ.

ನಮ್ಮ ಮನೆಗೆ ತಲೆಮಾರುಗಳಿಂದ ಬರುತ್ತಿರುವ ಅಗಸರ ಮನೆತನವೊಂದುಂಟು. ಹಿಂದೆ ಅವರಿಗೆ ಸುಗ್ಗಿಯಲ್ಲಿ ಕಣದ ಜೋಳವೂ ಸಂಜೆಗೆ ರೊಟ್ಟಿಯೂ ಸಲ್ಲುತ್ತಿದ್ದುವು. ಬಾಣಂತಿಯ ಬಟ್ಟೆಯಾಗಲಿ ಸಾವಿನ ಸೂತಕದ ಬಟ್ಟೆಯಾಗಲಿ ಅವರೇ ಒಯ್ಯಬೇಕು. ಮದುವೆಯಲ್ಲಿ ನಡೆಮಡಿ ಹಾಸುವವರೂ ಅವರೇ. ಈಗ ಗಂಡುಮಕ್ಕಳು ಪಟ್ಟಣದಲ್ಲಿ ಇಸ್ತ್ರಿ ಅಂಗಡಿ ಹಾಕಿರುವರು. ಊರಿನಲ್ಲಿ ಉಳಿದವಳು ಎಪ್ಪತ್ತು ದಾಟಿದ ಮುದುಕಿಯೊಬ್ಬಳೇ. ಮನೆಯವರೆಲ್ಲ ಆಕೆಯನ್ನು ಆಯಿ ಎನ್ನುವೆವು. ಯಂತ್ರ ಬಂದ ಸುದ್ದಿಯನ್ನು ಕೇಳಿ ಆಕೆ ಒಂದು ದಿನ ಬಂದಳು. ಆಕೆಯ ಮುಖವನ್ನು ಹೇಗೆ ನೋಡುವುದೆಂದು ನನ್ನ ಹೆಂಡತಿಯು ಒಳಗೇ ನಿಂತಳು. ನಾನೇ ಕರೆದುಕೊಂಡು ಹೋಗಿ ತೋರಿಸಿದೆನು.

ಆಯಿಯು ಗಾಜಿನಲ್ಲಿ ಸ್ವಲ್ಪ ಹೊತ್ತು ನೋಡಿದಳು. ನೀರು ಕಾಯುವುದೆಂದು ಹೇಳಿದಾಗ ಬಾಗಿಲ ಮೇಲೆ ಅಂಗೈಯಿಟ್ಟು, "ಉಬ್ಬೆ ಇಟ್ಟಂಗಾತು" ಎಂದಳು. ಸವಳಿನಲ್ಲಿ ನೆನೆಸಿದ ಬಟ್ಟೆಯನ್ನು ಬಾನಿಯ ಮೇಲೆ ಸುತ್ತಿಟ್ಟು ಆವಿಯಲ್ಲಿ ಬೇಯಿಸುವ ಉಬ್ಬೆಯೂ, 60 ಡಿಗ್ರಿಗೆ ನೀರು ಕಾಯಿಸುವ ಈ ಯಂತ್ರವೂ ಒಂದೇ ತತ್ತ್ವದವೆಂಬುದನ್ನು ನಾನು ಪುಸ್ತಕ ನೋಡಿ ತಿಳಿದೆನು, ಆಕೆ ಮುಟ್ಟಿ ತಿಳಿದಳು. ಸರದಿ ಮುಗಿದು ಬಾಗಿಲು ತೆರೆದ ಮೇಲೆ ಆಕೆಯೇ ಕೈಹಾಕಿ ನನ್ನ ಅಂಗಿಯನ್ನು ಎಳೆದು, ಕೊರಳಪಟ್ಟಿಯನ್ನು ಹೊರಳಿಸಿ ಬೆಳಕಿಗೆ ಹಿಡಿದಳು. ಅಲ್ಲಿ ಬೆವರಿನ ಗೆರೆ ಹಾಗೆಯೇ ಇತ್ತು.

"ಛಲೋ ಅದ ಮಾಸ್ತರ್ರ. ಖರೆ ಇದಕ್ಕ ಕಣ್ಣಿಲ್ಲ ನೋಡ್ರಿ. ಹೊಲಸು ಇದ್ದದ್ದು, ಇಲ್ಲದ್ದು, ಎಲ್ಲಾ ಒಂದೇ ಅಂತದ."

ಯಂತ್ರದ ವಿಷಯವಾಗಿ ನಾನು ಓದಿದ ಯಾವ ಬರೆಹದಲ್ಲಿಯೂ ಇಷ್ಟು ಸರಿಯಾದ ವಿಮರ್ಶೆಯನ್ನು ಕಾಣೆನು. ಮನುಷ್ಯರ ಕೈಯು ಕೊಳೆಯಿದ್ದ ಕಡೆಗೆ ಹೋಗುವುದು. ಯಂತ್ರವು ಎಲ್ಲ ಕಡೆಗೂ ಸಮವಾಗಿ ಹೋಗುವುದು. ಸಮದೃಷ್ಟಿಯು ಯೋಗಿಗೆ ಭೂಷಣವೇ ಹೊರತು ಅಗಸನಿಗಲ್ಲ.

ಆಕೆ ಹೋದ ಮೇಲೆ ನನಗೆ ಮಡಿವಾಳ ಮಾಚಿದೇವರ ನೆನಪಾಯಿತು. ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಆ ಮಹಾನುಭಾವರು ಶರಣರ ಬಟ್ಟೆಯನ್ನಲ್ಲದೆ ಅನ್ಯರದನ್ನು ಒಗೆಯೆನೆಂಬ ವ್ರತವನ್ನು ಹಿಡಿದವರು. 1369ರಲ್ಲಿ ಭೀಮಕವಿಯು ಬರೆದ ಬಸವಪುರಾಣವು ಅವರ ಕಥೆಯನ್ನು ಹೇಳುವುದು. ಬಿಜ್ಜಳನಂಥ ಅರಸನೂ ಅವರ ಮುಂದೆ ತಗ್ಗಬೇಕಾಯಿತೆಂದು ಕಥೆಯ ಧಾಟಿ. ಸಾಮಾನ್ಯವಾಗಿ ನಾವು ಇದರಲ್ಲಿ ಭಕ್ತಿಯ ಉಗ್ರತೆಯನ್ನು ಮೆಚ್ಚುವೆವು. ನನಗೆ ಈಗ ಬೇರೊಂದು ಕಾಣುವುದು. ಒಗೆಯುವವನು ಒಗೆಯೆನೆಂದು ಹೇಳಬಹುದಾದ ಒಂದು ಊರು ನಮ್ಮ ನೆರೆಯಲ್ಲಿ ಒಮ್ಮೆ ಇತ್ತು. ಆಯಿಗೆ ಆ ಸ್ವಾತಂತ್ರ್ಯವಿರಲಿಲ್ಲ, ಸೂತಕದ ಗಂಟನ್ನು ಅವಳ ಮುಂದೆ ಎಸೆದರೆ ಅವಳು ಎತ್ತಿಕೊಳ್ಳಲೇಬೇಕಾಗಿತ್ತು. ನನ್ನ ಮನೆಯಾಕೆಗೂ ಇರಲಿಲ್ಲ. ಯಂತ್ರಕ್ಕಂತೂ ವ್ರತವೆಂಬುದೇ ಇಲ್ಲ, ಗುಂಡಿ ಒತ್ತಿದವನೇ ಶರಣ. ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಹೆಂಡತಿಯು ರೊಟ್ಟಿ ಬಡಿಯುತ್ತ, "ನಾನೂ ವ್ರತ ಹಿಡದಿದ್ದರ ನಲವತ್ತು ವರ್ಷ ನೀವು ಏನು ಉಡತಿದ್ದಿರಿ?" ಎಂದಳು. ನಗುತ್ತಲೇ ಹೇಳಿದಳು, ಆದರೆ ರೊಟ್ಟಿಯು ಆ ದಿನ ತುಸು ಹೆಚ್ಚು ಸದ್ದು ಮಾಡಿತು.

ಈಗ ಆರು ತಿಂಗಳಾಗುತ್ತ ಬಂದಿದೆ. ಯಂತ್ರದ ದೋಷಗಳನ್ನೂ ಹೇಳಬೇಕಷ್ಟೆ. ನಮ್ಮ ಕೊಳವೆಬಾವಿಯ ನೀರು ಗಡುಸು. ಸಾಬೂನುಪುಡಿ ಹೆಚ್ಚು ಬೇಡುವುದು, ಒಳಗಿನ ಕಾವಿನ ಸರಳಿಗೆ ಸುಣ್ಣ ಕಟ್ಟುವುದು, ಆಗಾಗ ಅದನ್ನು ಕರಗಿಸುವ ಪುಡಿ ಹಾಕಬೇಕು. ಬಾಗಿಲಿನ ರಬ್ಬರಿನ ಮಡಿಕೆಯನ್ನು ಒರಸದಿದ್ದರೆ ಬೂಷ್ಟು ಹಿಡಿಯುವುದು. ನಡುವೆ ವಿದ್ಯುತ್ತು ಹೋದರೆ ಬಟ್ಟೆಗಳು ಗಾಜಿನ ಹಿಂದೆ ಸೆರೆಯಾಗಿ ಕೂಡುವುವು. ಬಂದೊಡನೆ ಯಂತ್ರವು ಬಿಟ್ಟಲ್ಲಿಂದಲೇ ಮುಂದುವರಿಯುವುದು, ಈ ಗುಣವನ್ನು ನನ್ನ ಶಿಷ್ಯರಲ್ಲಿ ಬಹಳ ಮಂದಿಯಲ್ಲಿ ನಾನು ಕಂಡಿಲ್ಲ. ಕೊರಳಪಟ್ಟಿಗೂ ತೋಳಿನ ಅಂಚಿಗೂ ಮೊದಲೇ ಸಾಬೂನು ಹಚ್ಚಿ ಉಜ್ಜಿಡುವ ಕೆಲಸವನ್ನು ನಾನು ವಹಿಸಿಕೊಂಡಿರುವೆನು. ಕಣ್ಣಿನ ಕೆಲಸವಾದ್ದರಿಂದ ಕನ್ನಡಕ ಬೇಕು.

ಕಂಬಳಿಗಳನ್ನು ಮಾತ್ರ ಯಂತ್ರಕ್ಕೆ ಹಾಕುವುದಿಲ್ಲ. ಉಣ್ಣೆಯು ಉರುಳಿ ಬಡಿದರೆ ಗಂಟುಕಟ್ಟಿ ಕುಗ್ಗುವುದು. ದೀಪಾವಳಿಯ ಮುಂದೆ ಆಯಿಯು ಮೊಮ್ಮಗನೊಡನೆ ಬಂದು ನಾಲ್ಕು ಕಂಬಳಿಗಳನ್ನು ಅವನ ಬಂಡಿಯ ಮೇಲೆ ಹೊರಿಸಿ ಹಳ್ಳಕ್ಕೆ ಒಯ್ದಳು. ಅಂಟುವಾಳವನ್ನು ನಮ್ಮ ಮನೆಯಿಂದಲೇ ಕೊಟ್ಟೆವು. ಒಂದಕ್ಕೆ ನೂರು ರೂಪಾಯಿ ಎಂದಳು; ಹೋದ ವರ್ಷ ಎಂಬತ್ತಿತ್ತಲ್ಲವೆ ಎಂದು ನಾನು ಕೇಳಿದ್ದಕ್ಕೆ, ಬೇಡವಾದರೆ ಯಂತ್ರದಾಗ ಹಾಕ್ರಿ ಎಂದಳು. ನನ್ನ ಹೆಂಡತಿಯು ಒಳಗಿನಿಂದ ನಾನೂರು ರೂಪಾಯಿಗಳನ್ನು ತಂದು ಎಣಿಸಿ ಕೊಟ್ಟಳು.