ಏರಿಯ ಊರಿನಲ್ಲಿ ದಾಯಾದಿಗಳ ಆಟ

ಬೀರೂರನ್ನು ಬಿಟ್ಟು ಶಿವಮೊಗ್ಗೆಯ ಕಡೆಗೆ ಹೊರಟ ರೈಲು ಬಯಲನ್ನು ಹಿಂದಿಕ್ಕಿ ತೆಂಗು ಅಡಕೆಗಳ ತೋಟದ ನೆರಳಿಗೆ ಬಂದಾಗ ತರೀಕೆರೆ ಸಮೀಪಿಸಿತೆಂದು ತಿಳಿಯಬೇಕು. ಈ ಊರನ್ನು ನೋಡದ ಕನ್ನಡಿಗರು ಬಹಳ ಮಂದಿ ಇದ್ದಾರು. ಆದರೆ ಇದರ ಕೆರೆಯೇರಿಯನ್ನೂ ಅದರ ಮೇಲಿನ ಕರಿಯ ಕುರಿಮರಿಗಳನ್ನೂ ಬೇಗಬೇಗ ಹೇಳಹೋಗಿ ನಾಲಗೆ ತೊಡರಿಸಿಕೊಳ್ಳದ ಮಕ್ಕಳು ವಿರಳ. ಪಾಳೆಯಗಾರರು ಆಳಿದ ಊರಿದು. ಪಡುವಲಿಗೆ ಮಲೆನಾಡು, ಮೂಡಲಿಗೆ ಬಯಲುಸೀಮೆ. ಮೊದಲು ಇದೇ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ, ಪಾಲು ಪಡೆದು ಬೇರೆ ಒಲೆ ಹೂಡಿದ ತಮ್ಮನಂತೆ, ಈಗ ತಾನೇ ಒಂದು ತಾಲ್ಲೂಕಾಗಿದೆ. ಈ ಪಾಲಿನಲ್ಲಿ ಗದೆ ಎತ್ತುವ ಪ್ರಸಂಗವೇನೂ ಬರಲಿಲ್ಲ.

ಗದೆಯ ಕಥೆಯನ್ನು ಕಲ್ಲಿನಲ್ಲಿ ಕಾಣಬೇಕಾದರೆ ಸಮೀಪದ ಅಮೃತಾಪುರಕ್ಕೆ ಹೋಗಬೇಕು. ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಅದರ ಹೊರಗೋಡೆಯ ಮೇಲೆ 140 ಶಿಲ್ಪಫಲಕಗಳು. ದಕ್ಷಿಣದ 70ರಲ್ಲಿ ರಾಮಾಯಣ; ಉತ್ತರದಲ್ಲಿ ಕೃಷ್ಣನ ಕಥೆಗೆ 25, ಭಾರತಕ್ಕೆ 45. ರಾಜ್ಯವನ್ನು ಅಣ್ಣ ತಮ್ಮ ಇಬ್ಬರೂ ತನಗೆ ಬೇಡವೆಂದ ಕಥೆ ಒಂದು ಮಗ್ಗುಲಿಗೆ, ಎರಡು ಕಡೆಯವರೂ ತಮ್ಮದೆಂದ ಕಥೆ ಇನ್ನೊಂದು ಮಗ್ಗುಲಿಗೆ! ವಿಚಿತ್ರವೆಂದರೆ, ಇಲ್ಲಿ ರಾಮಾಯಣ ಅಪ್ರದಕ್ಷಿಣವಾಗಿ ಸಾಗುತ್ತದೆ. ಭಾರತ ಮಾತ್ರ ಯಥಾಕ್ರಮವಾಗಿ ಪ್ರದಕ್ಷಿಣೆ ಬರುತ್ತದೆ. ಶಿಲ್ಪಿಯ ಉದ್ದೇಶವೇನಿತ್ತೋ! ಬಯಲುಸೀಮೆಯ ಹಳ್ಳಿಗರ ಅಭಿರುಚಿಯೂ ಭಾರತದ ಕಡೆಗೇ ತುಸು ಹೆಚ್ಚಾಗಿ ವಾಲಿದೆ.

ಅದಕ್ಕೆ ಸಾಕ್ಷಿ ಬೇಕಾದವರು ಸುಗ್ಗಿ ಮುಗಿದು ಮುಂಗಾರು ಇನ್ನೂ ದೂರವಿರುವ ತಿಂಗಳುಗಳಲ್ಲಿ ಬರಬೇಕು. ಹಳೆಯ ಮೈಸೂರಿನ ಇತರ ಬಯಲು ಪ್ರದೇಶಗಳಲ್ಲಿರುವಂತೆ ಇಲ್ಲಿಯೂ ಜಾತ್ರೆ ಹಬ್ಬಗಳ ನೆವದಲ್ಲಿ ‘ಕುರುಕ್ಷೇತ್ರ’ ನಾಟಕವಾಡುವ ಹಂಬಲ ಹಳೆಯದು. ಗುಬ್ಬಿ ಕಂಪನಿಯವರು 1934ರಲ್ಲಿ ಆನೆ ಕುದುರೆಗಳನ್ನೇ ತಂದು ‘ಕುರುಕ್ಷೇತ್ರ’ವನ್ನು ಆಡಿದರು. ಹಳ್ಳಿಯಲ್ಲಿ ಆನೆಯಿಲ್ಲ, ಬಾಡಿಗೆಗೆ ತಂದ ಪರದೆಗಳು, ಕಿರೀಟಗಳು, ಒಂದು ಹಾರ್ಮೋನಿಯಂ, ಅದರ ಹಿಂದೆ ಸರ್ವಾಧಿಕಾರಿಯಾದ ನಾಟಕದ ಮೇಷ್ಟ್ರು, ಇಷ್ಟೇ ಅಕ್ಷೌಹಿಣಿ.

ನಿಜವಾದ ಸಮರ ಪಾತ್ರ ಹಂಚುವ ದಿನವೇ ನಡೆದುಹೋಗುತ್ತದೆ. ಈ ಆಟದಲ್ಲಿ ನಟನಿಗೆ ಸಂಭಾವನೆಯಿಲ್ಲ, ನಟನೇ ಹಣ ಕೊಡಬೇಕು. ಪಾತ್ರ ದೊಡ್ಡದಾದಷ್ಟೂ ವಂತಿಗೆ ದೊಡ್ಡದು. ಎಲ್ಲಕ್ಕಿಂತ ದುಬಾರಿಯಾದವನು ಧರ್ಮರಾಯನಲ್ಲ, ಅರ್ಜುನನೂ ಅಲ್ಲ, ದುರ್ಯೋಧನ. ರನ್ನನ ಕಾವ್ಯವನ್ನು ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕಂ’ ಎಂದು ರೂಪಿಸಿ ಅವನನ್ನು ದುರಂತನಾಯಕನನ್ನಾಗಿ ನಿಲ್ಲಿಸಿದರು. ಹಳ್ಳಿಯವರಿಗೆ ಆ ವಿಮರ್ಶೆ ಬೇಕಿಲ್ಲ. ಛಲದಂಕನ ಮೀಸೆ, ಅವನ ಪದ್ಯಗಳ ಏರುದನಿ, ಮುರಿದರೂ ಬಾಗದ ಕತ್ತು, ಇವೇ ಸಾಕು. ಕೇಳುವವರು ಹೆಚ್ಚಾದಾಗ ಮೇಷ್ಟ್ರು ಒಂದು ಉಪಾಯ ಮಾಡುತ್ತಾರೆ: ಅರಮನೆಗೆ ಒಬ್ಬ ದುರ್ಯೋಧನ, ಸಂಧಾನಕ್ಕೆ ಇನ್ನೊಬ್ಬ, ಗದಾಯುದ್ಧಕ್ಕೆ ಮತ್ತೊಬ್ಬ. ಸೂಜಿಯ ಮೊನೆಯಷ್ಟು ನೆಲವನ್ನೂ ಪಾಲು ಕೊಡೆನೆಂದ ಮಹಾರಾಯನೇ ಮೂರು ಪಾಲಾಗಿ ಹೋಗುತ್ತಾನೆ! ಇದನ್ನು ಕಂಡು ನಗುವವರು ಮಾತ್ರ ಯಾರೂ ಇಲ್ಲ; ಪಾತ್ರ ಸಿಕ್ಕಿದ ಮೂವರಿಗೂ ತನ್ನ ಪಾಲು ಚಿಕ್ಕದಾಯಿತೆಂಬುದೇ ಚಿಂತೆ.

ನಗು ರಾತ್ರಿಯ ಆಟಕ್ಕೆ ಮೀಸಲು. ಕೃಷ್ಣನು ಐದೇ ಊರು ಕೇಳಿದಾಗ ಚಾಪೆಯ ಮೇಲೆ ಕುಳಿತವರ ನಡುವೆ ಕಿಸಕ್ಕೆಂಬ ಸದ್ದು ಹೊರಡುತ್ತದೆ. ಐದು ಊರಿನ ಮಾತಿರಲಿ, ಒಂದು ಬದುವಿನ ಜಾಗಕ್ಕಾಗಿ ಅಮೀನರ ಸರಪಳಿ ಎಳೆಸಿದವರು, ಒಂದು ತೆಂಗಿನ ಮರಕ್ಕಾಗಿ ಮಾತು ಬಿಟ್ಟವರು ಆ ಗುಂಪಿನಲ್ಲಿಯೇ ಕುಳಿತಿರುತ್ತಾರೆ. ಪಕ್ಕದವನ ಮೊಣಕೈ ತಿವಿತದಿಂದ ಅವರೂ ನಗಬೇಕಾಗುತ್ತದೆ. ಪಾಲಿನ ದಾವೆಯಲ್ಲಿ ಎದುರು ಬದುರಾದ ಅಣ್ಣತಮ್ಮಂದಿರು ರಂಗದ ಮೇಲೂ ಭೀಮ ದುರ್ಯೋಧನರಾಗಿ ನಿಂತರಂತೂ ಮೇಷ್ಟ್ರಿಗೆ ಹಾರ್ಮೋನಿಯಂ ಮೇಲೆ ಬೆರಳು ನಿಲ್ಲುವುದಿಲ್ಲ. ಗದೆ ಹಗುರವಾದದ್ದೇ, ಹಿಡಿದ ಕೈ ಹಗುರವೆಂದು ಹೇಳುವವರಾರು? ಇನ್ನೊಂದು ಅಂಜಿಕೆಯೂ ಉಂಟು. ಇಷ್ಟು ವಂತಿಗೆ ತೆತ್ತ ದುರ್ಯೋಧನ ತೊಡೆಗೆ ಪೆಟ್ಟು ಬಿದ್ದರೂ ಸುಲಭವಾಗಿ ಬೀಳಲೊಲ್ಲ. ಉಳಿದ ಪದ್ಯ ಹಾಡಿಯೇ ಬೀಳುತ್ತಾನೆ. ಮೂಡಲು ಕೆಂಪೇರುತ್ತದೆ. “ಬೀಳಣ್ಣಯ್ಯ, ಹಾಲು ಕರೆಯೋ ಹೊತ್ತಾಯ್ತು!” ಎಂದು ಕತ್ತಲಿನಿಂದ ಒಂದು ಕೂಗು ಬರುತ್ತದೆ. ಸಭೆಯೆಲ್ಲ ಗೊಳ್ಳೆನ್ನುತ್ತದೆ. ಆ ನಗುವಿನ ನಡುವೆಯೇ ಅವನು ಉರುಳುತ್ತಾನೆ. ಹಿಂದೆಯೇ ಸಭೆ ಒಮ್ಮೆಗೇ ಮೌನವಾಗುತ್ತದೆ. ಮುಂದಿನ ಸಾಲಿನ ಮುದುಕಿಯರು ಸೆರಗಿನಿಂದ ಕಣ್ಣೊರಸಿಕೊಳ್ಳುವುದು ಗೆದ್ದ ಭೀಮನಿಗಾಗಿ ಅಲ್ಲ.

ಮಂಗಳ ಹಾಡಿ ಮುಗಿಯುವಷ್ಟರಲ್ಲಿ ಪರದೆಗಳನ್ನು ಸುತ್ತಿ ಗಾಡಿಗೆ ಹೇರಲಾಗಿರುತ್ತದೆ. ಕಿರೀಟ ಹಿಂತಿರುಗಿಸಿದ ಭೀಮ ದುರ್ಯೋಧನರು ಅರ್ಧ ಅಳಿಸಿದ ಬಣ್ಣದಲ್ಲಿಯೇ ಚಹದಂಗಡಿಯ ಮುಂದೆ ನಿಲ್ಲುತ್ತಾರೆ. ಇಬ್ಬರ ಚಹಕ್ಕೂ ಒಬ್ಬನೇ ಹಣ ಕೊಡುವುದುಂಟು. ಆಮೇಲೆ ಒಬ್ಬನು ಬದುವಿನ ಆ ಕಡೆಗೆ, ಇನ್ನೊಬ್ಬನು ಈ ಕಡೆಗೆ ನಡೆಯುತ್ತಾರೆ.